ಮೆಮೊರಿ ಚಿಪ್‌ನ ವಿಳಾಸ: ಬದಲಿ ಬಿಡಿಭಾಗಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದಂದಿನಿಂದ ಜಾಲಹಳ್ಳಿ, ಯಶವಂತಪುರ, ಪೀಣ್ಯ ಪ್ರದೇಶಗಳಿಗೆ ವಿದ್ಯುನ್ಮಾನ ಉದ್ದಿಮೆಯ ನಂಟಿದೆ. ತೂಕದ ಯಂತ್ರ, ಮೀಟರ್, ನಿಯಂತ್ರಕಗಳಂಥ ಉಪಕರಣಗಳಲ್ಲಿ ವಿದ್ಯುತ್ ನಿಂತರೂ ಮಾಹಿತಿ ಉಳಿಸಿಕೊಳ್ಳುವ ಇಇಪ್ರಾಮ್ ಎಂಬ ಪುಟ್ಟ ಮೆಮೊರಿ ಚಿಪ್ ಇರುತ್ತದೆ. 2020ರ ಅನಂತರದ ಜಾಗತಿಕ ಚಿಪ್ ಕೊರತೆಯ ಕಾಲದಲ್ಲಿ ನಿಗದಿತ ಚಿಪ್ ದೊರೆಯದೆ, ಅದೇ ಶ್ರೇಣಿಯ ಬೇರೊಂದನ್ನು ಬಳಸುವ ಪ್ರಸಂಗಗಳು ಹೆಚ್ಚಿದವು. ಹೊರನೋಟಕ್ಕೆ ಅವೆರಡೂ ಒಂದೇ; ಎಂಟು ಕಾಲುಗಳ ಜೋಡಣೆಯೂ ಒಂದೇ. ಆದರೆ ವಿಳಾಸ ಸ್ವೀಕರಿಸುವ ಕ್ರಮ ಒಂದೇ ಆಗಿರಬೇಕೆಂದಿಲ್ಲ.

ಎರಡು ಬಗೆಯ ವಿಳಾಸ

ಈ ಚಿಪ್‌ಗಳು ಫಿಲಿಪ್ಸ್ ಸಂಸ್ಥೆ 1982ರಲ್ಲಿ ರೂಪಿಸಿದ ಐ2ಸಿ ಬಸ್ಸಿನ ಮೂಲಕ ಸಂವಹಿಸುತ್ತವೆ. ಬಸ್ ಎಂದರೆ ಹಲವು ಚಿಪ್‌ಗಳು ಹಂಚಿಕೊಳ್ಳುವ ಎರಡು ತಂತಿಗಳು. ಅದನ್ನು ನಡೆಸುವ ತಂತ್ರಾಂಶವೇ ಡ್ರೈವರ್. ಅದು ಮೊದಲು 7 ಬಿಟ್‌ಗಳ ಚಿಪ್ ವಿಳಾಸವನ್ನು, ಬಳಿಕ ಚಿಪ್‌ನೊಳಗಿನ ಸ್ಥಾನದ ವಿಳಾಸವನ್ನು ಕಳುಹಿಸುತ್ತದೆ. ಮೊದಲನೆಯದು ಮನೆಯ ಸಂಖ್ಯೆ, ಎರಡನೆಯದು ಕೋಣೆಯ ಸಂಖ್ಯೆ ಎನ್ನಬಹುದು.

ಇಇಪ್ರಾಮ್‌ಗಳ ಚಿಪ್ ವಿಳಾಸ ಸಾಮಾನ್ಯವಾಗಿ 1010 ಎಂದು ಆರಂಭವಾಗುತ್ತದೆ. ಉಳಿದ ಮೂರು ಬಿಟ್‌ಗಳು ಪಿನ್‌ಗಳಿಂದ ನಿರ್ಧಾರವಾಗುತ್ತವೆ. 256 ಬೈಟ್‌ಗಳ 24ಸಿ02ಕ್ಕೆ ಸ್ಥಾನದ ವಿಳಾಸವಾಗಿ ಒಂದು ಬೈಟ್ ಸಾಕು. 24ಸಿ04, 24ಸಿ08, 24ಸಿ16ಗಳಲ್ಲಿ ಅದು ಸಾಲದಾಗಿ, ಹೆಚ್ಚುವರಿ ಬಿಟ್‌ಗಳನ್ನು ಚಿಪ್ ವಿಳಾಸದಿಂದಲೇ ಪಡೆಯಲಾಗುತ್ತದೆ. ಹೀಗಾಗಿ 2048 ಬೈಟ್‌ಗಳ 24ಸಿ16 ಒಂದೇ ಎಂಟೂ ವಿಳಾಸಗಳನ್ನು ಆಕ್ರಮಿಸುತ್ತದೆ. 24ಸಿ32 ಮತ್ತು ಅದಕ್ಕಿಂತ ದೊಡ್ಡವುಗಳಿಗೆ ಎರಡು ಬೈಟ್‌ಗಳ ಸ್ಥಾನ ವಿಳಾಸ ಅಗತ್ಯ.

ಪ್ರಮಾದ ಸಂಭವಿಸುವ ಬಗೆ

1. 24ಸಿ02ಕ್ಕೆ ಬರೆದ ಡ್ರೈವರ್‌ನೊಡನೆ 24ಸಿ32 ಜೋಡಿಸಿದರೆ, ಚಿಪ್ ಮೊದಲ ದತ್ತಾಂಶ ಬೈಟನ್ನು ವಿಳಾಸದ ಉತ್ತರಾರ್ಧವೆಂದು ಭಾವಿಸುತ್ತದೆ. ಒಂದೇ ಬೈಟ್ ಬರೆಯುವುದಿದ್ದರೆ ಏನೂ ಉಳಿಯದು. ಆದರೂ ಚಿಪ್ ಪ್ರತಿ ಬೈಟಿಗೂ ಸ್ವೀಕೃತಿ ಸೂಚಿಸುವುದರಿಂದ ದೋಷ ಗೋಚರಿಸದು.

2. ಇದರ ವಿಪರ್ಯಯ ಇನ್ನೂ ಅಪಾಯಕರ. ಎರಡು ಬೈಟ್ ವಿಳಾಸ ಕಳುಹಿಸುವ ಡ್ರೈವರ್‌ಗೆ 24ಸಿ02 ದೊರೆತರೆ, ವಿಳಾಸದ ಎರಡನೆಯ ಬೈಟೇ ದತ್ತಾಂಶವಾಗಿ ಹಳೆಯ ಮಾಹಿತಿಯ ಮೇಲೆ ಅಚ್ಚಾಗುತ್ತದೆ.

3. ಬರಹ ಪುಟಗಳ ಲೆಕ್ಕದಲ್ಲಿ ನಡೆಯುತ್ತದೆ. ಪುಟದ ಗಾತ್ರ ಅನೇಕ 24ಸಿ02ಗಳಲ್ಲಿ 8 ಬೈಟ್, 24ಸಿ32ರಲ್ಲಿ 32 ಬೈಟ್. ತಯಾರಕರನ್ನು ಅನುಸರಿಸಿಯೂ ವ್ಯತ್ಯಾಸವುಂಟು. ಪುಟದ ಅಂಚು ಮೀರಿದ ಬೈಟ್‌ಗಳು ಅದೇ ಪುಟದ ಆರಂಭಕ್ಕೆ ಮರಳಿ, ಅಲ್ಲಿದ್ದುದನ್ನು ಅಳಿಸುತ್ತವೆ.

ತೂಕದ ಯಂತ್ರದ ಕ್ಯಾಲಿಬ್ರೇಷನ್ ಅಂಕಿಗಳು ಹೀಗೆ ಕೆಟ್ಟರೆ ಯಂತ್ರ ತಪ್ಪು ತೂಕ ತೋರಬಹುದು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಡಿ ಮುದ್ರೆ ಪಡೆಯಬೇಕಾದ ಉಪಕರಣಕ್ಕೆ ಇದು ಕೇವಲ ದುರಸ್ತಿಯ ಪ್ರಶ್ನೆಯಲ್ಲ. ತಯಾರಕರ ವಿಶ್ವಾಸಾರ್ಹತೆಯ ಪ್ರಶ್ನೆ.

ಪರಿಹಾರ

ಚಿಪ್ ಯಾವುದೆಂದು ಡ್ರೈವರ್ ತಾನೇ ಪರೀಕ್ಷಿಸಿ ಊಹಿಸುವುದು ಕ್ಷೇಮಕರವಲ್ಲ. ಪಿಸಿಎಫ್8563 ಎಂಬ ಗಡಿಯಾರದ ಚಿಪ್ ಕೂಡ 1010001 ವಿಳಾಸಕ್ಕೆ ಓಗೊಡುತ್ತದೆ. ಆದುದರಿಂದ ಸಾಮರ್ಥ್ಯ, ವಿಳಾಸದ ಬೈಟ್‌ಗಳ ಸಂಖ್ಯೆ, ಪುಟದ ಗಾತ್ರ ಇವನ್ನು ಪ್ರತಿ ಚಿಪ್‌ಗೂ ಪ್ರತ್ಯೇಕ ಕೋಷ್ಟಕವಾಗಿ ತಂತ್ರಾಂಶದಲ್ಲಿ ಇರಿಸಬೇಕು. ಪುಟದ ಗಾತ್ರ ಅನಿಶ್ಚಿತವಾದಲ್ಲಿ ಚಿಕ್ಕದನ್ನು ಆರಿಸುವುದು ಲೇಸು. ಬರಹ ನಿಧಾನವಾದೀತು, ಮಾಹಿತಿ ಕೆಡದು. ಒಂದು ಬರಹಕ್ಕೆ ಸುಮಾರು 5 ಮಿಲಿಸೆಕೆಂಡು ಹಿಡಿಯುವುದರಿಂದ, ಚಿಪ್ ಮತ್ತೆ ಉತ್ತರಿಸುವವರೆಗೆ ಡ್ರೈವರ್ ಕಾಯಬೇಕು.

ಖರೀದಿ ವಿಭಾಗದ ಬಳಿ ಅನುಮೋದಿತ ಬದಲಿಗಳ ಪಟ್ಟಿ ಇರಲಿ. ಪಟ್ಟಿಗೆ ಸೇರಿಸುವ ಮುನ್ನ ಚಿಪ್‌ನ ಮೊದಲ ಸ್ಥಾನ, ಕೊನೆಯ ಸ್ಥಾನ ಹಾಗೂ ಪುಟದ ಅಂಚಿನಲ್ಲಿ ಬೇರೆ ಬೇರೆ ಅಂಕಿಗಳನ್ನು ಬರೆದು, ವಿದ್ಯುತ್ ಕಡಿದು, ಮರಳಿ ಓದಿ ತಾಳೆ ನೋಡಬೇಕು. ಕೆಲವೇ ನಿಮಿಷಗಳ ಈ ಪರೀಕ್ಷೆ, ಮಾರಾಟವಾದ ಯಂತ್ರಗಳನ್ನು ಹಿಂದಕ್ಕೆ ತರಿಸುವ ವೆಚ್ಚವನ್ನು ತಪ್ಪಿಸಬಲ್ಲದು.