ಇಳಿದಲ್ಲೇ ಹತ್ತುವ ನಿಲ್ದಾಣ

ಬಸ್ಸು, ರೈಲು, ಮೆಟ್ರೊ, ಆಟೊ ಇವುಗಳಲ್ಲಿ ಒಂದರಿಂದ ಇಳಿದವರು ಹೆಚ್ಚು ನಡೆಯದೆ, ಹೆಚ್ಚು ಕಾಯದೆ ಇನ್ನೊಂದನ್ನು ಹತ್ತುವಂತೆ ಕಟ್ಟಿದ ಜಾಗವೇ ಸಂಯುಕ್ತ ಸಾರಿಗೆ ನಿಲ್ದಾಣ. ಜನ ಬೈಕು, ಕಾರು ಬಿಟ್ಟು ಬರಬೇಕಾದರೆ ಮೊದಲು ನೆಟ್ಟಗಾಗಬೇಕಾದದ್ದು ಈ ಜಾಗ.

ಈ ದೃಷ್ಟಿಯಿಂದ ಕೋಲಾರ ಜಿಲ್ಲೆಯ ಊರುಗಳದ್ದು ಒಂದೊಂದು ಪರಿಸ್ಥಿತಿ. ಮಾಲೂರು ಬೆಂಗಳೂರು–ಜೋಲಾರಪೇಟೆ ಮುಖ್ಯ ರೈಲು ಮಾರ್ಗದಲ್ಲಿದೆ. ಈ ಮಾರ್ಗ 1864ರಷ್ಟು ಹಳೆಯದು. ಮುಳಬಾಗಿಲಿಗೆ ರೈಲೇ ಇಲ್ಲ, ರಾಷ್ಟ್ರೀಯ ಹೆದ್ದಾರಿ 75ರ ಬಸ್ಸುಗಳೇ ಆಧಾರ. ಕೋಲಾರ, ಶ್ರೀನಿವಾಸಪುರ ಎರಡೂ ಬಂಗಾರಪೇಟೆ–ಚಿಕ್ಕಬಳ್ಳಾಪುರ ಮಾರ್ಗದಲ್ಲಿವೆ. ಒಂದು ಕಾಲಕ್ಕೆ ನ್ಯಾರೋಗೇಜ್ ಆಗಿದ್ದ ಆ ಹಳಿ ಈಗ ಬ್ರಾಡ್‌ಗೇಜ್. ಆದರೂ ಕೋಲಾರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಬಂಗಾರಪೇಟೆಯನ್ನೋ ಚಿಕ್ಕಬಳ್ಳಾಪುರವನ್ನೋ ಸುತ್ತಬೇಕು. ಹೆದ್ದಾರಿ ನೇರವಾಗಿರುವಾಗ ಬಸ್ಸು ಹಿಡಿಯುವುದೇ ಸಹಜ.

ಸಂಪರ್ಕ ಕೂಡಿಬಂದರೆ ಏನಾಗುತ್ತದೆ ಎಂಬುದು ವೈಟ್‌ಫೀಲ್ಡ್‌ನಲ್ಲಿ ಕಾಣುತ್ತದೆ. ಅಲ್ಲಿನ ರೈಲು ನಿಲ್ದಾಣದ ಪಕ್ಕದಲ್ಲೇ ಕಾಡುಗೋಡಿ ಮೆಟ್ರೊ ನಿಲ್ದಾಣ 2023ರ ಮಾರ್ಚ್‌ನಲ್ಲಿ ತೆರೆಯಿತು. ಮಾಲೂರು, ಬಂಗಾರಪೇಟೆ ಕಡೆಯಿಂದ ಮೆಮು ರೈಲಿನಲ್ಲಿ ಬರುವ ನೌಕರರು ಅಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಬಹುದು. ಎರಡೂ ವಿದ್ಯುತ್ತಿನಿಂದ ಓಡುವುದರಿಂದ ದಾರಿಯುದ್ದಕ್ಕೂ ಹೊಗೆಯಿಲ್ಲ. ಆದರೆ ಮೊದಲ ಆರೂವರೆ ತಿಂಗಳು ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ಎರಡು ಕಿಲೋಮೀಟರ್ ಚಿಲ್ಲರೆ ತುಂಡು ಮುಗಿದಿರಲಿಲ್ಲ. ಪ್ರಯಾಣಿಕರು ಮೆಟ್ರೊ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೊ ಹತ್ತಬೇಕಿತ್ತು. ಅಕ್ಟೋಬರ್ 9ರಂದು ಆ ತುಂಡು ಸೇರಿಕೊಂಡ ಮೇಲೆ ಇಡೀ ಮಾರ್ಗ ಒಂದಾಯಿತು.

ಇಂಥ ನಿಲ್ದಾಣಗಳನ್ನು ಊರ ನಡುವೆ ಕಟ್ಟುವ ಪ್ರಯತ್ನ ಬೆಂಗಳೂರಿನಲ್ಲಿ ಮೊದಲೇ ನಡೆದಿತ್ತು. ಕೇಂದ್ರದ ನಗರ ನವೀಕರಣ ಯೋಜನೆಯಾದ ನರ್ಮ್‌ನ ನೆರವಿನಿಂದ ನಗರದ ಬಸ್ ಸಂಸ್ಥೆ ಬಿಎಂಟಿಸಿ ಶಾಂತಿನಗರ, ಜಯನಗರ, ವಿಜಯನಗರ, ಕೆಂಗೇರಿ ಮುಂತಾದೆಡೆ ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು (ಟಿಟಿಎಂಸಿ) ಕಟ್ಟಿತು. ಬಸ್ಸಿನ ಅಂಕಣ, ವಾಹನ ನಿಲುಗಡೆ, ಅಂಗಡಿ, ಕಚೇರಿ ಎಲ್ಲ ಒಂದೇ ಸೂರಿನಡಿ. ಬಾಡಿಗೆಯಿಂದ ಸಂಸ್ಥೆಗೆ ಆದಾಯ ಬರಬೇಕೆಂಬ ಲೆಕ್ಕಾಚಾರ ತಪ್ಪಲ್ಲ. ಆದರೆ ಮಳಿಗೆಗೆ ಸಿಕ್ಕ ಗಮನ ಕಾಯುವವರ ಬೆಂಚಿಗೂ ಸಿಗಬೇಕು.

ಕೋಲಾರದಂಥ ಊರಿಗೆ ಬಹುಮಹಡಿ ಕಟ್ಟಡಕ್ಕಿಂತ ಕಾಯುವವರ ಅನುಕೂಲವೇ ಮುಖ್ಯ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳಲ್ಲಿ ಮಹಿಳೆಯರ ಸಂಖ್ಯೆ ಏರಿದೆ; ಅವರಿಗೆ ಶುಚಿಯಾದ ಶೌಚಾಲಯ, ಹಾಲುಣಿಸುವ ಕೊಠಡಿ, ರಾತ್ರಿ ಹೊತ್ತು ಬೆಳಕು ಬೇಕು. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ ಬೇಕು. ಸದಾ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ನಿಲ್ದಾಣದ ವಿಶಾಲ ಚಾವಣಿ ಮಳೆನೀರನ್ನು ಸಂಪಿಗೆ ಇಳಿಸಬೇಕು, ಮೇಲೆ ಸೋಲಾರ್ ಫಲಕ ಹೊರಬೇಕು. ರೈಲಿನ ವೇಳೆಗೆ ಹೊಂದಿಸಿ ಸ್ಟೇಷನ್ನಿಗೆ ಬಸ್ಸು ಬಿಟ್ಟು, ಮುಳಬಾಗಿಲಿನ ಬಸ್ಸಿನದೂ ಶ್ರೀನಿವಾಸಪುರದ ರೈಲಿನದೂ ವೇಳೆಯನ್ನು ಒಂದೇ ಫಲಕದಲ್ಲಿ ಕನ್ನಡದಲ್ಲಿ ಬರೆಯಲು ಹೊಸ ಕಟ್ಟಡಕ್ಕಾಗಿ ಕಾಯಬೇಕಿಲ್ಲ.