ಇಂಗ್ಲಿಷ್ ನುಡಿಯ ಮೇಲೆ ಫ್ರೆಂಚಿನ ಮುದ್ರೆ

ಕೋರ್ಟು, ಜಡ್ಜ್, ಜೈಲು ಎಂಬ ಮಾತುಗಳನ್ನು ನಾವು ಇಂಗ್ಲಿಷಿನವೆಂದೇ ತಿಳಿದು ಬಳಸುತ್ತೇವೆ. ಮೂಲವನ್ನು ಅರಸಿದರೆ, ಇಂಗ್ಲಿಷೇ ಇವನ್ನು ಫ್ರೆಂಚಿನಿಂದ ಕಡ ತಂದುದು ವಿದಿತವಾಗುತ್ತದೆ. ನಮ್ಮನ್ನು ಆಳಿದವರ ಭಾಷೆಯೂ ಹಿಂದೊಮ್ಮೆ ಪರರ ಆಳ್ವಿಕೆಗೆ ಒಳಗಾಗಿತ್ತು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಡ್ಯೂಕ್ ವಿಲಿಯಂನು ಹೇಸ್ಟಿಂಗ್ಸ್ ಕದನದಲ್ಲಿ ಹೆರಾಲ್ಡ್ ದೊರೆಯನ್ನು ಸೋಲಿಸಿ ಇಂಗ್ಲೆಂಡಿನ ಸಿಂಹಾಸನವನ್ನೇರಿದನು. ಅಂದಿನಿಂದ ಅರಮನೆಯಲ್ಲಿ ಫ್ರೆಂಚ್, ಇಗರ್ಜಿಯಲ್ಲಿ ಲ್ಯಾಟಿನ್, ಹೊಲಮನೆಗಳಲ್ಲಿ ಇಂಗ್ಲಿಷ್ ಎಂಬ ಏರ್ಪಾಡು ಬೇರೂರಿತು.

ಬದಲಾವಣೆ ಹೆಸರುಗಳಲ್ಲಿ ಬಹುಬೇಗ ಕಾಣಿಸಿಕೊಂಡಿತು. ಗಾಡ್ವಿನ್, ಎಥೆಲ್‌ರೆಡ್, ವುಲ್ಫ್‌ಸ್ಟನ್ ಮೊದಲಾದ ದೇಶೀಯ ನಾಮಗಳು ಕೆಲವೇ ತಲೆಮಾರುಗಳಲ್ಲಿ ವಿರಳವಾದುವು. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ ಎಂಬ ಹೆಸರುಗಳು ಸಾಮಾನ್ಯ ರೈತರ ಮಕ್ಕಳಿಗೂ ಬಂದುವು. ಎಡ್ವರ್ಡ್ ಎಂಬ ಹಳೆಯ ಹೆಸರು ಮಾತ್ರ ಒಬ್ಬ ಸಂತ ದೊರೆಯ ಮೇಲಿನ ಭಕ್ತಿಯಿಂದ ಉಳಿದುಕೊಂಡಿತು; ಮೂರನೆಯ ಹೆನ್ರಿಯು 1239ರಲ್ಲಿ ಹುಟ್ಟಿದ ತನ್ನ ಮಗನಿಗೆ ಅದನ್ನಿಟ್ಟನು.

ಪದಗಳ ಗತಿಯೂ ಹಾಗೆಯೇ ಆಯಿತು. ಪಾರ್ಲಿಮೆಂಟು, ಟ್ಯಾಕ್ಸು, ಜಸ್ಟಿಸ್ ಮುಂತಾದ ಅಧಿಕಾರದ ಮಾತುಗಳು ಫ್ರೆಂಚಿನಿಂದ ಬಂದುವು. ಮದರ್, ಫಾದರ್, ಹೌಸ್, ವಾಟರ್, ಬ್ರೆಡ್ ಎಂಬ ಒಲೆಯ ಮುಂದಿನ ಮಾತುಗಳು ಮಾತ್ರ ಅಲುಗಲಿಲ್ಲ. ಅಂಕಲ್, ಆಂಟ್ ಎಂಬ ಬಂಧುವಾಚಕಗಳು ಫ್ರೆಂಚಿನವಾದರೂ ತಾಯಿತಂದೆಯರ ಹೆಸರು ತಾಯ್ನುಡಿಯಲ್ಲಿಯೇ ನಿಂತಿತು.

ಆದರೆ ಈ ವ್ಯವಸ್ಥೆಯ ಭಾರವನ್ನು ಹೊತ್ತವನು ಜನಸಾಮಾನ್ಯ. ತನ್ನ ಪರವಾಗಿಯೂ ವಿರೋಧವಾಗಿಯೂ ನಡೆಯುವ ವಾದ ಅವನಿಗೇ ಅರ್ಥವಾಗುತ್ತಿರಲಿಲ್ಲ. ಫ್ರೆಂಚ್ ಜನರಿಗೆ ತಿಳಿಯದೆಂಬ ಕಾರಣವನ್ನೇ ಮುಂದಿಟ್ಟು, ನ್ಯಾಯಸ್ಥಾನದ ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಶಾಸನವಾಯಿತು. ವಿಚಿತ್ರವೆಂದರೆ, ಆ ಶಾಸನವನ್ನು ಬರೆದುದೂ ಫ್ರೆಂಚಿನಲ್ಲಿಯೇ! ನ್ಯಾಯಾಲಯದ ಬರವಣಿಗೆಯೂ ಇಂಗ್ಲಿಷಿನಲ್ಲಿಯೇ ಇರಬೇಕೆಂದು ವಿಧಿಸಲು 1731ರ ಶಾಸನದವರೆಗೆ ಕಾಯಬೇಕಾಯಿತು.

ಆ ಶತಮಾನಗಳಲ್ಲಿ ಇಂಗ್ಲಿಷಿಗೆ ಸೇರಿದ ಫ್ರೆಂಚ್ ಪದಗಳು ಸುಮಾರು 10,000 ಎಂಬುದು ವಿದ್ವಾಂಸರ ಅಂದಾಜು. ಅಷ್ಟು ಸಾಲ ಹೊತ್ತೂ ಆ ಭಾಷೆ ಅಳಿಯಲಿಲ್ಲ. ಏಕೆಂದರೆ ರೈತನೂ ಗೃಹಿಣಿಯೂ ಅದನ್ನು ಮಕ್ಕಳೊಡನೆ ಆಡುವುದನ್ನು ಬಿಡಲಿಲ್ಲ. ಪರಭಾಷೆಯ ಪದ ಬಂದರೆ ನುಡಿಗೆ ಕೇಡಿಲ್ಲ. ಮನೆಯ ಮಾತು ಮಕ್ಕಳ ಬಾಯಿಂದ ಜಾರಿದರೆ ಮಾತ್ರ ಕೇಡು. ಕನ್ನಡವನ್ನು ಕಲಿಸುವ, ಕನ್ನಡದಲ್ಲಿ ಕಲಿಸುವ ಶಾಲೆಗಳ ಹೊಣೆಯನ್ನು ಅಳೆಯಲು ಈ ಇತಿಹಾಸವೊಂದು ತಕ್ಕ ಅಳತೆಗೋಲಾಗಿದೆ.