ಆಟದ ಉದ್ಯೋಗ: ಕೂಲಿಯೋ, ಕೃತಿಯೋ?

ಭಟ್ಕಳದ ಮಗ್ಗುಲಲ್ಲಿರುವ ಜಾಲಿಯ ಕಡಲದಂಡೆಗೆ ಸಂಜೆಯ ಹೊತ್ತು ಹೋದವರು ಒಂದು ನೋಟವನ್ನು ಕಾಣದೆ ಇರಲಾರರು. ತರುಣರು ನಾಲ್ವರು ಕೂಡಿದಲ್ಲಿ ನಾಲ್ಕು ಮೊಬೈಲುಗಳಿರುತ್ತವೆ. ಕಣ್ಣು ಕಡಲ ಮೇಲಿರದೆ ಆಟದ ಮೇಲಿರುತ್ತದೆ. ಇದನ್ನು ಕಂಡು ನಿಟ್ಟುಸಿರು ಬಿಡುವ ಹಿರಿಯರು ಅನೇಕರಿದ್ದಾರೆ. ಆದರೆ ಆ ಆಟಗಳನ್ನು ಕಟ್ಟಿದವರಾರು, ಅವುಗಳ ಹಣ ಯಾವ ದೇಶಕ್ಕೆ ಸೇರುತ್ತದೆ, ನಮ್ಮ ತರುಣನು ಆಡುವವನಾಗಿಯೇ ಉಳಿಯಬೇಕೋ ಕಟ್ಟುವವನೂ ಆಗಬಹುದೋ ಎಂದು ವಿಚಾರಿಸುವವರು ವಿರಳ. ಇಂದು ಆ ವಿಚಾರವನ್ನೇ ವಾಚಕರ ಮುಂದಿಡಬಯಸುತ್ತೇವೆ.

ಆಟ ಕಟ್ಟುವ ಬುದ್ಧಿ ಕನ್ನಡಿಗರಿಗೆ ಹೊಸತಲ್ಲ. ಕರಾವಳಿಯ ಮನೆಗಳಲ್ಲಿ ಚೆನ್ನೆಮಣೆ ಇತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಮಣೆಯಾಟಗಳನ್ನು ತಾವೇ ರಚಿಸಿದರಲ್ಲದೆ, ಚದುರಂಗದ ಕುದುರೆಯನ್ನು ಅರುವತ್ತುನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಯಿಸುವ ಸಮಸ್ಯೆಯನ್ನು ಬಿಡಿಸಿದರು. ಗಣಕಯಂತ್ರದ ಕಾಲ ಬಂದಾಗಲೂ ನಾವು ತೀರ ಹಿಂದುಳಿಯಲಿಲ್ಲ. ಶ್ರೀ ರಾಜೇಶ್ ರಾವ್ ಅವರು ೧೯೯೭ರಲ್ಲಿ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಬಹುಮಟ್ಟಿಗೆ ನಡೆದದ್ದು ವಿದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವ ಉದ್ಯೋಗ. ೨೦೧೬ರಲ್ಲಿ ಆ ಸಂಸ್ಥೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಯ ಪಾಲಾಯಿತು. ೨೦೧೯ರಲ್ಲಿ ಸುಮಾರು ೭೯ ಲಕ್ಷ ಡಾಲರುಗಳಿಗೆ ಅಮೇರಿಕದ ರಾಕ್‌ಸ್ಟಾರ್ ಕಂಪನಿಯ ವಶವಾಯಿತು. ಅಲ್ಲಿ ದುಡಿದವರ ಕೌಶಲ್ಯವನ್ನು ನಾವು ಹಳಿಯುವುದಿಲ್ಲ. ಎಷ್ಟೋ ಕಲಾವಿದರಿಗೆ ಅದು ಗುರುಕುಲವೇ ಆಯಿತು. ಆದರೆ ಪರರ ದೋಣಿಯಲ್ಲಿ ಬಲೆಯೆಳೆದವನಿಗೆ ದೊರೆಯುವುದು ಕೂಲಿ ಮಾತ್ರ, ದೋಣಿ ಅವನದಾಗುವುದಿಲ್ಲ.

ದೋಣಿಯನ್ನೂ ತಮ್ಮದಾಗಿಸಿಕೊಳ್ಳಬಹುದೆಂಬುದಕ್ಕೆ ಉದಾಹರಣೆ ದೂರವಿಲ್ಲ. ಭಟ್ಕಳದಿಂದ ಹೆದ್ದಾರಿ ಹಿಡಿದು ತೆಂಕಣಕ್ಕೆ ಹೊರಟರೆ ಎರಡು ತಾಸಿನೊಳಗೆ ಉಡುಪಿ ಸಿಗುತ್ತದೆ. ಅಲ್ಲಿ ೧೯೯೬ರಲ್ಲಿ ‘ರೋಬೋಸಾಫ್ಟ್’ ಸಂಸ್ಥೆಯನ್ನು ತೆರೆದ ಶ್ರೀ ರೋಹಿತ್ ಭಟ್ಟರು, ಮುಂದೆ ಆಟಗಳಿಗೆಂದೇ ‘ನೈಂಟಿನೈನ್ ಗೇಮ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ೨೦೧೩ರಲ್ಲಿ ‘ಧೂಮ್ ೩’ ಚಿತ್ರದ ಆಟವನ್ನು ಹೊರತಂದ ಆ ಸಂಸ್ಥೆ, ೨೦೧೪ರಲ್ಲಿ ‘ಸ್ಟಾರ್ ಶೆಫ್’ ಎಂಬ ಅಡುಗೆಯ ಆಟವನ್ನು ತನ್ನ ಸ್ವಂತ ಕೃತಿಯಾಗಿ ಜಗತ್ತಿನ ಮುಂದಿಟ್ಟಿತು. ಆಟ ಕಟ್ಟಬೇಕಾದರೆ ಬೆಂಗಳೂರಿಗೇ ಹೋಗಬೇಕೆಂಬ ಮಾತು ಹುರುಳಿಲ್ಲದ್ದೆಂದು ಇದರಿಂದಲೇ ಸಿದ್ಧವಾಯಿತು.

ಹಾಗೆಂದು ತರುಣರಿಗೆ ಬರಿಯ ಹುಮ್ಮಸ್ಸನ್ನು ತುಂಬುವುದು ನಮ್ಮ ಉದ್ದೇಶವಲ್ಲ. ಲೆಕ್ಕವನ್ನು ನೋಡತಕ್ಕದ್ದು. ಪ್ರೋಗ್ರಾಮು ಬರೆಯುವವನೊಬ್ಬ, ಚಿತ್ರಕಾರರಿಬ್ಬರು, ಸಂಗೀತ ಹಾಗೂ ಕಥೆಯನ್ನು ನೋಡಿಕೊಳ್ಳುವವನೊಬ್ಬ, ಹೀಗೆ ನಾಲ್ವರು ಕೂಡಿದರೆಂದು ಎಣಿಸೋಣ. ತಲೆಗೆ ತಿಂಗಳಿಗೆ ೩೦,೦೦೦ ರೂಪಾಯಿಯಂತೆ ೧,೨೦,೦೦೦. ಬಾಡಿಗೆ, ವಿದ್ಯುತ್ತು, ಯಂತ್ರಗಳಿಗೆ ಇನ್ನೊಂದು ೩೦,೦೦೦. ಎರಡು ವರುಷಕ್ಕೆ ೩೬ ಲಕ್ಷವಾಯಿತು. ಆಟದ ಬೆಲೆ ೩೦೦ ರೂಪಾಯಿ ಎಂದಿಟ್ಟರೆ, ‘ಸ್ಟೀಮ್’ ಎಂಬ ಅಂತರಜಾಲ ಮಳಿಗೆ ಅದರಲ್ಲಿ ನೂರಕ್ಕೆ ಮೂವತ್ತನ್ನು ಹಿಡಿಯುತ್ತದೆ. ಕೊಂಡ ೧೪ ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದವನು ಕೇಳಿದರೆ ಹಣವನ್ನು ಹಿಂದಿರುಗಿಸುವುದೂ ಆ ಮಳಿಗೆಯ ಕಟ್ಟಳೆ. ತೆರಿಗೆ, ರಿಯಾಯಿತಿಗಳನ್ನು ಕಳೆದು ಕೈಗೆ ೧೫೦ ರೂಪಾಯಿ ಉಳಿದರೆ, ಹಾಕಿದ ಹಣ ಮರಳಬೇಕಾದರೇ ೨೪,೦೦೦ ಪ್ರತಿಗಳು ಮಾರಬೇಕು. ಪುಣೆಯ ‘ನಾಡಿಂಗ್ ಹೆಡ್ಸ್’ ಸಂಸ್ಥೆ ‘ರಾಜಿ’ ಎಂಬ ಆಟಕ್ಕಾಗಿ ೨೦೧೭ರಲ್ಲಿ ಜನರಿಂದ ಹಣ ಕೂಡಿಸಹೋಗಿ ಗುರಿ ಮುಟ್ಟಲಿಲ್ಲ. ಆದರೂ ಬಿಡದೆ ೨೦೨೦ರಲ್ಲಿ ಅದನ್ನು ಹೊರತಂದು ಕೀರ್ತಿ ಪಡೆಯಿತು. ಮೊದಲ ಸೋಲಿಗೇ ಕೈಚೆಲ್ಲುವವರ ಉದ್ಯೋಗ ಇದಲ್ಲ.

ಸಾಧನಗಳ ವಿಷಯದಲ್ಲಿಯೂ ಎಚ್ಚರ ಬೇಕು. ೨೦೨೩ರ ಸೆಪ್ಟೆಂಬರಿನಲ್ಲಿ ‘ಯೂನಿಟಿ’ ಕಂಪನಿಯವರು, ತಮ್ಮ ತಂತ್ರಾಂಶದಿಂದ ಕಟ್ಟಿದ ಆಟವು ಒಂದು ಮಿತಿಯನ್ನು ದಾಟಿದ ಮೇಲೆ ಪ್ರತಿಯೊಂದು ಅಳವಡಿಕೆಗೂ ಶುಲ್ಕ ತೆರಬೇಕೆಂದು ಸಾರಿದರು. ಲೋಕವೆಲ್ಲ ಪ್ರತಿಭಟಿಸಿದ ಮೇಲೆ, ಒಂದು ವರುಷದ ತರುವಾಯ ಅದನ್ನು ಕೈಬಿಟ್ಟರು. ಪರರ ಕೈಯಲ್ಲಿರುವ ಸಾಧನವನ್ನೇ ನಂಬಿದವನ ಗತಿ ಏನೆಂಬುದಕ್ಕೆ ಇದು ಸಾಕ್ಷಿ. ಒಡೆಯನಿಲ್ಲದ, ಬೆಲೆಯಿಲ್ಲದ ‘ಗೋಡೋ’, ‘ಬ್ಲೆಂಡರ್’ ಮುಂತಾದವು ಇಂದು ಎಲ್ಲರಿಗೂ ದೊರೆಯುತ್ತವೆ. ಗೋಡೋವಿನ ೨೦೨೩ರ ನಾಲ್ಕನೆಯ ಆವೃತ್ತಿಯಿಂದ ಈಚೆಗೆ, ಕನ್ನಡದ ಒತ್ತಕ್ಷರಗಳು ಚೆದರದೆ ತೆರೆಯ ಮೇಲೆ ಮೂಡುವ ಅನುಕೂಲವೂ ಆಗಿದೆ. ಆದುದರಿಂದ ಕನ್ನಡದಲ್ಲಿ ಆಟ ಬರಲಾರದೆಂಬ ನೆವ ಇನ್ನು ಸಲ್ಲದು. ಇಂಗ್ಲಿಷಿನಲ್ಲಿ ಲೋಕಕ್ಕೆ ಮಾರುವ ಆಟದೊಳಗೆ ಕನ್ನಡವನ್ನೂ ಸೇರಿಸುವುದಕ್ಕೆ ಬೇಕಾದುದು ಭಾಂಡವಲಿಗಿಂತ ಹೆಚ್ಚಾಗಿ ಅಭಿಮಾನ.

ಇನ್ನು ಅಧಿಕಾರಿಗಳಿಗೆ ಒಂದು ಮಾತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣವನ್ನು ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು; ಪಣವಿಲ್ಲದ ಆಟಗಳಿಗೆ ಉತ್ತೇಜನ ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಅನೇಕ ಸಂಸಾರಗಳನ್ನು ಸಾಲಕ್ಕೆ ನೂಕಿದ ಜೂಜನ್ನು ತಡೆದುದು ಯೋಗ್ಯವೇ. ಆದರೆ ಜೂಜಿಗೂ ಕೃತಿಗೂ ಇರುವ ಅಂತರವನ್ನು ಕಾಯಿದೆ ಬಲ್ಲುದಾದರೂ, ಬ್ಯಾಂಕಿನ ಮೇಜಿನಾಚೆ ಕುಳಿತವರೆಲ್ಲರೂ ಬಲ್ಲರೆಂದು ಹೇಳುವಂತಿಲ್ಲ. ‘ಗೇಮಿಂಗ್’ ಎಂಬ ಒಂದೇ ಶಬ್ದದಿಂದ ಎರಡನ್ನೂ ಅಳೆದರೆ, ಪ್ರಾಮಾಣಿಕ ತರುಣನ ಸಾಲದ ಅರ್ಜಿ ಓದುವ ಮೊದಲೇ ಬದಿಗೆ ಸರಿಯುತ್ತದೆ. ಕರ್ನಾಟಕ ಸರಕಾರವು ೨೦೧೨ರಷ್ಟು ಹಿಂದೆಯೇ ಈ ಉದ್ಯೋಗಕ್ಕಾಗಿ ನೀತಿಯನ್ನು ರೂಪಿಸಿತು. ೨೦೨೪ರಿಂದ ೨೦೨೯ರವರೆಗಿನ ನೀತಿಯೂ ಬಂದಿದೆ. ಆದರೆ ಅದಕ್ಕೆಂದು ತೆರೆದ ಉತ್ಕೃಷ್ಟತಾ ಕೇಂದ್ರವಿರುವುದು ಬೆಂಗಳೂರಿನಲ್ಲಿ. ನೀತಿಯ ಫಲವು ಭಟ್ಕಳ, ಹೊನ್ನಾವರ, ಕುಮಟೆಗಳಿಗೆ ಮುಟ್ಟಬೇಕಾದರೆ ಇಲ್ಲಿಯ ಕಾಲೇಜುಗಳಲ್ಲಿ ಒಂದು ಕೋಣೆ, ನಾಲ್ಕು ಒಳ್ಳೆಯ ಯಂತ್ರಗಳು, ತಿಂಗಳಿಗೊಮ್ಮೆ ಬಂದು ಹೋಗುವ ಒಬ್ಬ ಬಲ್ಲವನು, ಇಷ್ಟಾದರೂ ಇರಬೇಕು.

ತರುಣರಿಗೆ ನಮ್ಮ ಸಲಹೆಯೂ ಚಿಕ್ಕದೇ. ಮೊದಲ ಆಟ ಆರು ತಿಂಗಳಲ್ಲಿ ಮುಗಿಯುವಷ್ಟು ಸಣ್ಣದಿರಲಿ. ಸ್ನೇಹಿತರೊಳಗಾದರೂ ಪಾಲಿನ ಕರಾರು ಬರಹದಲ್ಲಿರಲಿ. ಹೊಟ್ಟೆಪಾಡಿಗಾಗಿ ಪರರ ಕೆಲಸವನ್ನು ಹಿಡಿಯುವುದರಲ್ಲಿ ಅವಮಾನವಿಲ್ಲ. ಆದರೆ ವಾರದಲ್ಲಿ ಎರಡು ದಿನಗಳು ಸ್ವಂತ ಕೃತಿಗೆ ಮೀಸಲಿರಲಿ. ಮನೆಯ ಹಿರಿಯರಾದವರು, ಮಗನಾಗಲಿ ಮಗಳಾಗಲಿ ಯಂತ್ರದ ಮುಂದೆ ಕುಳಿತುದನ್ನು ಕಂಡು ಗದರುವ ಮುನ್ನ, ಆಡುತ್ತಿರುವೆಯೋ ಕಟ್ಟುತ್ತಿರುವೆಯೋ ಎಂದು ಒಮ್ಮೆ ಕೇಳಬೇಕು. ಕಟ್ಟುತ್ತಿದ್ದೇನೆ ಎಂಬ ಉತ್ತರ ಬಂದರೆ, ಎರಡು ವರುಷ ತಾಳ್ಮೆಯಿಂದ ಕಾಯಬೇಕು.